‘ಹ್ಯಾಕ್ ಆಯ್ತಂತೆ!’

ತಂತ್ರಜ್ಞಾನದ ಸುದ್ದಿಗೆ ನಮ್ಮಲ್ಲಿ ಎರಡೇ ರಾಗ. ಒಂದು ‘ಇನ್ನು ಮೇಲೆ ಎಲ್ಲ ಬದಲಾಗಿಬಿಡುತ್ತೆ’, ಇನ್ನೊಂದು ‘ಹ್ಯಾಕ್ ಆಯ್ತಂತೆ’. ಎರಡನೆಯದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದ ಕೂಡಲೇ ಆ ಮನೆಯ ಐಟಿ ನೌಕರನಿಗೆ ಫೋನ್ ಬರುತ್ತದೆ: ‘ನೋಡೋ, ನಮ್ಮದೂ ಹೋಯ್ತಾ?’ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಮನದಟ್ಟಾಗಿರುವುದಿಷ್ಟು. ಜನ ಹೆದರುವುದು ಮಹಾ ಚಾಣಾಕ್ಷ ಕಳ್ಳನಿಗೆ. ಏಟು ಬೀಳುವುದು ಮಾತ್ರ ಯಾರದೋ ಅವಸರದಿಂದ, ಯಾರದೋ ಸುಸ್ತಿನಿಂದ, ಯಾರಿಗೂ ಬೇಡವಾಗಿ ಮೂಲೆಗೆ ಬಿದ್ದ ಬೇಸರದ ಕೆಲಸದಿಂದ. ಮದುವೆಮನೆಯಿಂದ ಆಫೀಸಿನ ಕ್ಯಾಂಟೀನ್‌ವರೆಗೆ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ.

‘1,600 ಕೋಟಿ ಪಾಸ್‌ವರ್ಡ್ ಸೋರಿಕೆ! ಗೂಗಲ್, ಆ್ಯಪಲ್, ಫೇಸ್‌ಬುಕ್ ಎಲ್ಲಾ ಹೋಯ್ತು’

2025ರ ಜೂನ್‌ನಲ್ಲಿ ಈ ಸುದ್ದಿ ಲೋಕವೆಲ್ಲ ಸುತ್ತಿತು. ಭೂಮಿಯ ಮೇಲಿರುವುದು 800 ಕೋಟಿ ಚಿಲ್ಲರೆ ಜನ. ತೊಟ್ಟಿಲ ಮಗುವನ್ನೂ ಲೆಕ್ಕಕ್ಕೆ ಹಿಡಿದರೆ ತಲೆಗೆ ಎರಡು ಪಾಸ್‌ವರ್ಡ್ ಆಯಿತು. ಅಲ್ಲೇ ಅನುಮಾನ ಬರಬೇಕಿತ್ತು. ನಡೆದದ್ದು ಇಷ್ಟು: ಅಲ್ಲಲ್ಲಿ ಬೀಗವಿಲ್ಲದೆ ಬಿದ್ದಿದ್ದ ಸುಮಾರು 30 ಕಂತೆಗಳನ್ನು ಸಂಶೋಧಕರು ಕಂಡು, ಅವುಗಳಲ್ಲಿದ್ದ ಸಾಲುಗಳನ್ನು ಕೂಡಿಸಿದರು. ಒಂದೇ ಖಾತೆ ಹಲವು ಕಂತೆಗಳಲ್ಲಿ ಇರಬಹುದು, ಹಳೆಯದೂ ಸೇರಿರಬಹುದು. ಗೂಗಲ್‌ಗಾಗಲಿ ಆ್ಯಪಲ್‌ಗಾಗಲಿ ಯಾರೂ ಕನ್ನ ಹಾಕಿರಲಿಲ್ಲ.

ಹಾಗಾದರೆ ಆ ಪಾಸ್‌ವರ್ಡ್‌ಗಳು ಬಂದದ್ದೆಲ್ಲಿಂದ? ಬಹುಪಾಲು ‘ಇನ್ಫೋಸ್ಟೀಲರ್’ ಎಂಬ ಕುತಂತ್ರಾಂಶಗಳಿಂದ. ದುಡ್ಡು ಕೊಡಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆಂದು ‘ಕ್ರ್ಯಾಕ್’ ಮಾಡಿದ್ದನ್ನು ಇಳಿಸಿಕೊಂಡಾಗ, ಹುಡುಗರು ಗೇಮ್‌ನಲ್ಲಿ ಗೆಲ್ಲಲು ಯಾವುದೋ ಚೀಟ್ ಫೈಲ್ ಹಾಕಿಕೊಂಡಾಗ ಅದೂ ಜೊತೆಗೇ ಒಳಗೆ ಬರುತ್ತದೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನೂ ಲಾಗಿನ್ ಆಗಿರುವ ಕುಕಿಗಳನ್ನೂ ಗೋರಿಕೊಂಡು ಹೊರಗೆ ಕಳಿಸುತ್ತದೆ. ಸೋರಿದ್ದು ದೈತ್ಯ ಕಂಪನಿಯ ಸರ್ವರ್ ಅಲ್ಲ, ಮನೆಯ ಲ್ಯಾಪ್‌ಟಾಪ್. ತಲೆಬರಹದಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೆ.

‘ಪಾಸ್‌ವರ್ಡ್‌ನಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆ ಇರಬೇಕು, ತಿಂಗಳಿಗೊಮ್ಮೆ ಬದಲಿಸಬೇಕು’

ಈ ನಿಯಮಕ್ಕೆ ಒಂದು ಹುಟ್ಟೂರು ಇದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ 2003ರಲ್ಲಿ ಬರೆದ ಮಾರ್ಗಸೂಚಿಯ ಅನುಬಂಧದಲ್ಲಿ ಇದು ಬಂತು. ಜನ ನಿಜಕ್ಕೂ ಎಂಥ ಪಾಸ್‌ವರ್ಡ್ ಇಡುತ್ತಾರೆಂಬ ಮಾಹಿತಿ ಆಗ ಅವರ ಕೈಯಲ್ಲಿರಲಿಲ್ಲ. 1980ರ ದಶಕದ ಒಂದು ಹಳೆಯ ಬರಹವನ್ನು ನೆಚ್ಚಿಕೊಂಡರು. ಲೋಕದ ಬ್ಯಾಂಕು, ಕಾಲೇಜು, ಕಚೇರಿಗಳೆಲ್ಲ ಅದನ್ನೇ ವೇದವಾಕ್ಯವಾಗಿ ಹಿಡಿದವು. 2017ರಲ್ಲಿ ನಿವೃತ್ತ ಬರ್ ಅವರೇ, ತಾವು ಹೇಳಿದ್ದರ ಬಹುಭಾಗದ ಬಗ್ಗೆ ಈಗ ವಿಷಾದವಿದೆ ಎಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ತಿಳಿಸಿದರು. ಅದೇ ವರ್ಷ ನಿಸ್ಟ್ ಹೊಸ ಮಾರ್ಗಸೂಚಿ ತಂದು ಎರಡನ್ನೂ ಕೈಬಿಟ್ಟಿತು. ಸುಮ್ಮಸುಮ್ಮನೆ ಬದಲಿಸಲು ಒತ್ತಾಯಿಸಬೇಡಿ, ಸೋರಿಕೆಯಾದ ಸುಳಿವಿದ್ದರೆ ಮಾತ್ರ ಬದಲಿಸಲು ಹೇಳಿ, ಚಿಹ್ನೆ-ಅಂಕಿಗಳ ಹಟ ಬಿಡಿ, ಉದ್ದವಾಗಿರಲು ಬಿಡಿ, ಈಗಾಗಲೇ ಸೋರಿರುವ ಪದಗಳ ಪಟ್ಟಿಯಲ್ಲಿ ಇದ್ದರೆ ತಿರಸ್ಕರಿಸಿ ಎಂದಿತು.

ಕಾರಣ ಮನುಷ್ಯನ ಸ್ವಭಾವ. 45 ದಿನಕ್ಕೊಮ್ಮೆ ಬದಲಿಸು ಎಂದು ಕಂಪ್ಯೂಟರ್ ಕಾಡಿದರೆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಯಾರೂ ಹೊಸ ಪದ ಕಟ್ಟುತ್ತ ಕೂರುವುದಿಲ್ಲ. ‘ಮೈಸೂರು@1’ ಇದ್ದದ್ದು ‘ಮೈಸೂರು@2’ ಆಗುತ್ತದೆ. ಮೊದಲ ಅಕ್ಷರ ದೊಡ್ಡದು, ಕೊನೆಗೊಂದು ಚಿಹ್ನೆ, ಆಮೇಲೆ ಅಂಕಿ. ಇದೇ ಕ್ರಮದಲ್ಲಿ ಊಹಿಸುವುದು ಪಾಸ್‌ವರ್ಡ್ ಒಡೆಯುವ ತಂತ್ರಾಂಶಗಳಿಗೆ ಮೊದಲ ಪಾಠ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಯಾವ ಮರೆಯೂ ಇಲ್ಲದೆ ಹೊರಬಿದ್ದವು. ಮೊದಲ ಸ್ಥಾನದಲ್ಲಿದ್ದದ್ದು ‘123456’. ಆ ಪಟ್ಟಿಯನ್ನು ಕಳ್ಳರೂ ಕಾವಲುಗಾರರೂ ಇವತ್ತಿಗೂ ಬಳಸುತ್ತಾರೆ.

ದೊಡ್ಡ ಅಪಾಯ ಇರುವುದು ಸುಲಭದ ಪಾಸ್‌ವರ್ಡ್‌ಗಿಂತ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಡುವುದರಲ್ಲಿ. ಎಲ್ಲೋ ಒಂದು ಬಿರಿಯಾನಿ ಆ್ಯಪ್‌ನಿಂದ ಸೋರಿದ್ದನ್ನು ನಿಮ್ಮ ಜಿಮೇಲ್‌ಗೆ ಹಾಕಿ ನೋಡುತ್ತಾರೆ, ಅದೂ ಯಂತ್ರದ ಕೈಲಿ, ಲಕ್ಷಗಟ್ಟಲೆ ಖಾತೆಗಳಿಗೆ. ಒಂದು ಪಾಸ್‌ವರ್ಡ್ ಮ್ಯಾನೇಜರ್, ಮುಖ್ಯ ಖಾತೆಗಳಿಗೆ ಎರಡನೇ ಹಂತದ ದೃಢೀಕರಣ, ಸಿಕ್ಕರೆ ಪಾಸ್‌ಕೀ: ಸಾಕು. ಇಷ್ಟೆಲ್ಲ ಆದಮೇಲೂ ನಮ್ಮ ಎಷ್ಟೋ ಕಂಪನಿಗಳ ಆಡಿಟ್ ಪಟ್ಟಿಯಲ್ಲಿ ‘90 ದಿನಕ್ಕೊಮ್ಮೆ ಬದಲಾವಣೆ: ಹೌದು/ಇಲ್ಲ’ ಎಂಬ ಸಾಲು ಹಾಗೇ ಇದೆ. ಅದನ್ನು ತೆಗೆಯಿಸಲು ಒಂದು ಸಹಿ ಬೇಕು, ಆ ಸಹಿ ಹಾಕಲು ಯಾರಿಗೂ ಧೈರ್ಯವಿಲ್ಲ.

‘ಬೀಗದ ಗುರುತು ಇದೆಯಲ್ಲ, ಸೈಟು ಅಸಲಿಯೇ’

ಬೀಗ ಹೇಳುತ್ತಿದ್ದದ್ದು ಒಂದೇ ಮಾತು: ನಿಮಗೂ ಆ ಸೈಟಿಗೂ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು. ಆ ತುದಿಯಲ್ಲಿ ಕೂತವನು ಸಾಚಾನೋ ಕಳ್ಳನೋ ಎಂಬುದಕ್ಕೆ ಅದು ಸಾಕ್ಷಿಯಲ್ಲ. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಯಾರಿಗಾದರೂ ಪುಕ್ಕಟೆ, ನಿಮಿಷಗಳಲ್ಲಿ ಕೊಡುತ್ತಿದೆ. ಜಾಲಲೋಕಕ್ಕೆ ಅದು ಮಾಡಿದ ಉಪಕಾರ ದೊಡ್ಡದು. ಆದರೆ ಪುಕ್ಕಟೆ ಸಿಕ್ಕದ್ದು ಮೋಸದ ಸೈಟುಗಳಿಗೂ ಸಿಕ್ಕಿತು. ಜನ ಬೀಗವನ್ನು ನಂಬಿಕೆಯ ಮುದ್ರೆ ಎಂದುಕೊಂಡಿದ್ದಾರೆಂದು ಅರಿತ ಗೂಗಲ್, 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನೇ ತೆಗೆದುಹಾಕಿತು.

ನೋಡಬೇಕಾದದ್ದು ವಿಳಾಸವನ್ನು, ಅದೂ ಬಲದಿಂದ. ‘ನಮ್ಮಬ್ಯಾಂಕ್.ಕಾಮ್.ಕೆವೈಸಿ-ಅಪ್‌ಡೇಟ್.ಟಾಪ್’ ಎಂಬ ವಿಳಾಸ ಬಂತೆನ್ನಿ. ಎಡದಿಂದ ಓದುವವರಿಗೆ ಬ್ಯಾಂಕ್ ಕಾಣುತ್ತದೆ, ಹಾಯೆನಿಸುತ್ತದೆ. ಯಜಮಾನಿಕೆ ಇರುವುದು ಬಲತುದಿಯ ಎರಡು ತುಂಡಿಗೆ: ‘ಕೆವೈಸಿ-ಅಪ್‌ಡೇಟ್.ಟಾಪ್’. ಅದಕ್ಕಿಂತ ಎಡಕ್ಕಿರುವುದನ್ನೆಲ್ಲ ಆ ಯಜಮಾನ ತನ್ನಿಷ್ಟದಂತೆ ಬರೆದುಕೊಳ್ಳಬಹುದು. ಈ ಗೋಜಲಿಗೇ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಉಪಾಯ ಹೂಡಿತು. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ಸೂಚಿಸಿತು. ಆ ಹೆಸರನ್ನು ಹಂಚುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಬೀಗ ನೋಡಿ ಎಂದು ಹತ್ತು ವರ್ಷ ಹೇಳಿಕೊಟ್ಟದ್ದಕ್ಕಿಂತ ಇದು ವಾಸಿ.

ಬೀಗದ ಭ್ರಮೆಯ ತಮ್ಮ ‘ಇನ್‌ಕಾಗ್ನಿಟೊದಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲ್ಲ’. ಗೊತ್ತಾಗದೇ ಇರುವುದು ಅದೇ ಕಂಪ್ಯೂಟರನ್ನು ಆಮೇಲೆ ತೆರೆಯುವ ಮನೆಯವರಿಗೆ. ಸೈಟಿಗೆ, ಇಂಟರ್‌ನೆಟ್ ಕೊಟ್ಟವರಿಗೆ, ಆಫೀಸಿನ ನೆಟ್‌ವರ್ಕಿಗೆ ಗೊತ್ತಾಗುತ್ತದೆ. ಈ ಬಗ್ಗೆ ಅಮೆರಿಕದಲ್ಲಿ 2020ರಲ್ಲಿ ಹೂಡಿದ ದಾವೆಯಲ್ಲಿ ಗೂಗಲ್ 2024ರಲ್ಲಿ ರಾಜಿಗೆ ಬಂದು, ಸಂಗ್ರಹಿಸಿದ್ದ ದತ್ತಾಂಶವನ್ನು ಅಳಿಸಲು ಒಪ್ಪಬೇಕಾಯಿತು.

‘ನನ್ನ ಹತ್ರ ಕದಿಯೋಕೆ ಏನಿದೆ?’

ದುಡ್ಡಿಲ್ಲದಿದ್ದರೂ ಕ್ಯಾಮೆರಾ ಇದೆಯಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಮನೆಮನೆಯ ಸಿಸಿಟಿವಿ, ರೌಟರ್‌ಗಳ ಬಾಗಿಲು ತಟ್ಟಿತು. ಅದರ ಕೈಯಲ್ಲಿದ್ದದ್ದು ಕಾರ್ಖಾನೆಯಿಂದ ಬರುವಾಗಲೇ ಹಾಕಿಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿ, ‘ಅಡ್ಮಿನ್-ಅಡ್ಮಿನ್’ ಥರದವು. ಯಾರೂ ಬದಲಿಸಿರದ ಸಾಧನಗಳೆಲ್ಲ ಅದರ ದಂಡಿಗೆ ಸೇರಿದವು. ಆ ಕೋಡ್ ಬಯಲಾದ ಮೇಲೆ ಅದನ್ನೇ ಬಳಸಿ ಅಕ್ಟೋಬರ್ 21ರಂದು ಸೈಟುಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು, ಅಮೆರಿಕದ ದೊಡ್ಡ ಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಬರೆದವರು ಶತ್ರುದೇಶದ ಸೇನೆಯಲ್ಲ, ಕಾಲೇಜು ವಯಸ್ಸಿನ ಮೂವರು ಹುಡುಗರು. ಶುರುವಾದದ್ದು ಮೈನ್‌ಕ್ರಾಫ್ಟ್ ಆಟದ ಸರ್ವರ್ ವ್ಯಾಪಾರದ ಪೈಪೋಟಿಯಿಂದ.

ನಮ್ಮಲ್ಲಿ ಇನ್ನೊಂದು ಬಗೆಯಿದೆ. ‘ನಿನ್ನ ಖಾತೆ ಖಾಲಿಯಿದ್ದರೂ ಪರವಾಗಿಲ್ಲ, ಒಂದು ತಿಂಗಳು ಬಾಡಿಗೆಗೆ ಕೊಡು’ ಎಂದು ವಿದ್ಯಾರ್ಥಿಗಳನ್ನು ಹಿಡಿಯುತ್ತಾರೆ. ವಂಚನೆಯ ಹಣ ಹರಿದುಹೋಗಲು ಅಂಥ ಖಾತೆಗಳೇ ಕಾಲುವೆ. ಪೊಲೀಸರು ಮೊದಲು ಬಂದು ನಿಲ್ಲುವುದು ಆ ಹುಡುಗನ ಮನೆಮುಂದೆ.

‘ಹ್ಯಾಕರ್ ಅಂದ್ರೆ ಕತ್ತಲ ಕೋಣೆಯ ಮಹಾ ಮೇಧಾವಿ’

ಸಿನಿಮಾದವರಿಗೆ ಮುಸುಕಿನ ಅಂಗಿ ಬೇಕು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಸುರಿಯಬೇಕು. ನಮ್ಮ ಜನರ ದುಡ್ಡು ಹೋಗುತ್ತಿರುವುದು ಫೋನ್ ಕರೆಯಲ್ಲಿ. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಕ್ಯಾಮೆರಾ ಮುಂದಿನಿಂದ ಏಳುವಂತಿಲ್ಲ’ ಎಂದು ಖಾಕಿ ತೊಟ್ಟವನೊಬ್ಬ ವಿಡಿಯೊದಲ್ಲಿ ಗದರಿಸುತ್ತಾನೆ. ಅವನು ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರಲ್ಲಿ ಪಂಜಾಬಿನ ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥರಿಗೇ ವಿಡಿಯೊದಲ್ಲಿ ನಕಲಿ ಸುಪ್ರೀಂ ಕೋರ್ಟ್ ಕಲಾಪ ತೋರಿಸಿ 7 ಕೋಟಿ ರೂಪಾಯಿ ಕಿತ್ತುಕೊಂಡರು. ಪೊಲೀಸರಿಗೆ ದೂರು ಹೋದದ್ದರಿಂದ ಅದರಲ್ಲಿ ಬಹುಪಾಲು ವಾಪಸ್ ಸಿಕ್ಕಿತು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲಿನ ಆ ಕೆಲವು ತಾಸುಗಳೇ ಮುಖ್ಯ, ಆಗ ಒತ್ತಬೇಕಾದ ಸಂಖ್ಯೆ 1930. ಮೋಸ ಹೋದವರನ್ನು ‘ಓದಿದವರಾಗಿ ಹೀಗಾ?’ ಎಂದು ಹಂಗಿಸುವವರಿದ್ದಾರೆ. ಓದಿಗೂ ಇದಕ್ಕೂ ಸಂಬಂಧವಿಲ್ಲ. ಹೆದರಿಸಿ, ಯೋಚಿಸಲು ಬಿಡುವು ಕೊಡದಿರುವುದೇ ಇಡೀ ತಂತ್ರ.

ಇನ್ನು ಕರೆ ಮಾಡುವವನು ಯಾರು? ಹಲವು ಸಲ ಅವನೂ ಸಿಕ್ಕಿಬಿದ್ದವನೇ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಐಟಿ ಕೆಲಸ ಎಂದು ನಂಬಿಸಿ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನ ಬೇಲಿಯೊಳಗೆ ಕೂರಿಸಿ ವಂಚನೆ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಇಂಥ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಮೇಧಾವಿ ಹ್ಯಾಕರ್‌ನ ಚಿತ್ರ ತಲೆಯಲ್ಲಿಟ್ಟುಕೊಂಡರೆ ಇದೊಂದೂ ಕಣ್ಣಿಗೆ ಬೀಳುವುದಿಲ್ಲ.

‘ಇಷ್ಟು ದೊಡ್ಡದಾಗಿ ಎಲ್ಲ ನಿಂತುಹೋಗಿದೆ ಅಂದ್ರೆ ದಾಳಿಯೇ ಇರಬೇಕು’

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಒಂದು ಪುಟ್ಟ ಫೈಲನ್ನು ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಕಳಿಸಿತು. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಜನ ಆಗಷ್ಟೇ ಲ್ಯಾಪ್‌ಟಾಪ್ ತೆರೆಯುವ ಹೊತ್ತು. ನೀಲಿ ಪರದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ನೀಲಿ ಪರದೆ. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಸೈಬರ್ ಯುದ್ಧ ಶುರುವಾಯಿತೆಂದೇ ಬಹಳ ಜನ ನಂಬಿದ್ದರು.

ಆದದ್ದು ಲೆಕ್ಕದ ತಪ್ಪು. ತಂತ್ರಾಂಶದ ಒಂದು ಭಾಗ 21 ಮೌಲ್ಯಗಳನ್ನು ನಿರೀಕ್ಷಿಸಿತ್ತು, ಅದಕ್ಕೆ ಸಿಕ್ಕಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಮೆಮೊರಿಯ ಗಡಿ ದಾಟಿತು. ಮಾಮೂಲಿ ಆ್ಯಪ್ ಆಗಿದ್ದರೆ ಅದೊಂದೇ ಮುಚ್ಚಿಹೋಗುತ್ತಿತ್ತು. ಇದು ವಿಂಡೋಸ್‌ನ ಗರ್ಭಗುಡಿಯಾದ ಕರ್ನಲ್‌ನಲ್ಲಿ ಕೂತಿದ್ದರಿಂದ ಇಡೀ ಯಂತ್ರವನ್ನೇ ಕೆಡವಿತು. 78 ನಿಮಿಷಗಳಲ್ಲಿ ಕಂಪನಿ ಫೈಲನ್ನು ಹಿಂತೆಗೆದುಕೊಂಡಿತು, ಆದರೆ ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಬಿದ್ದಿದ್ದವು. ಅದು ವಿಂಡೋಸ್ ಯಂತ್ರಗಳಲ್ಲಿ ಶೇ 1ಕ್ಕಿಂತ ಕಡಿಮೆ. ಬಿದ್ದ ಯಂತ್ರ ಇಂಟರ್‌ನೆಟ್‌ಗೆ ಬರುವ ಮೊದಲೇ ಮತ್ತೆ ಬೀಳುತ್ತಿತ್ತು. ಹಾಗಾಗಿ ಬಹುತೇಕ ಕಡೆ ಮನುಷ್ಯರೇ ಒಂದೊಂದರ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ‘ಸಿ-00000291’ ಎಂದು ಶುರುವಾಗುವ ಫೈಲನ್ನು ಅಳಿಸಬೇಕಾಯಿತು. ಡಿಸ್ಕ್ ಬಿಟ್‌ಲಾಕರ್‌ನಲ್ಲಿ ಬೀಗ ಹಾಕಿದ್ದರೆ ಮೊದಲು 48 ಅಂಕಿಗಳ ಕೀ ಹುಡುಕಬೇಕು. ಆ ಕೀಗಳನ್ನು ಇಟ್ಟಿದ್ದ ಸರ್ವರ್ ಕೂಡ ನೀಲಿಯಾಗಿದ್ದರೆ? ಅಂಥ ಕಡೆಗಳೂ ಇದ್ದವು. ಎಷ್ಟೋ ಐಟಿ ಸಪೋರ್ಟ್ ಹುಡುಗರ ಶನಿವಾರ-ಭಾನುವಾರ ಅಲ್ಲಿಗೇ ಹೋಯಿತು.

ಅದೇ ದಿನ ಇನ್ನೊಂದು ಸುಳ್ಳು ಓಡಾಡಿತು: ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಬಚಾವಾದದ್ದು ಅದು ಇನ್ನೂ ವಿಂಡೋಸ್ 3.1 ಬಳಸುತ್ತಿರುವುದರಿಂದ ಎಂದು. ಯಾರೋ ತಮಾಷೆಗೆ ಹಾಕಿದ ಪೋಸ್ಟ್ ಅದು. ಗಂಭೀರ ಪತ್ರಿಕೆಗಳೂ ಎತ್ತಿಕೊಂಡವು. ‘ಹಳೆಯದೇ ಗಟ್ಟಿ’ ಎಂಬ ಮಾತು ಕೇಳಲು ಹಿತ. ಹಳೆಯದನ್ನು ಹಾಗೇ ಬಿಟ್ಟರೆ ಏನಾಗುತ್ತದೆಂದು 2017ರಲ್ಲೇ ನೋಡಿದ್ದೇವೆ: ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು, ವಾನ್ನಾಕ್ರೈ ಎಂಬ ಕುತಂತ್ರಾಂಶ ಬಂದದ್ದು ಮೇ 12ರಂದು. ನಡುವಿನ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕದವರ ಸಾಲಿನಲ್ಲಿ ಬ್ರಿಟನ್ನಿನ ಆಸ್ಪತ್ರೆಗಳೂ ಇದ್ದವು.

‘ಐಟಿಯವರದ್ದೇನು, ಎಸಿಯಲ್ಲಿ ಕೂತು ಕೋಡ್ ಬರೆಯೋದು, ಇನ್ನೆರಡು ತಾಸು ಜಾಸ್ತಿ ಕೂತರೆ ಏನು ಗಂಟು ಹೋಗುತ್ತೆ?’

ಬರೆಯುವುದು ಕಮ್ಮಿ, ಓದುವುದು ಜಾಸ್ತಿ. ಕೆಲಸ ಬಿಟ್ಟುಹೋದವರು ಬರೆದಿಟ್ಟದ್ದನ್ನು ಓದುವುದು, ಟಿಕೆಟ್ ಮುಚ್ಚುವುದು, ಸ್ಟ್ಯಾಂಡ್‌ಅಪ್ ಸಭೆಯಲ್ಲಿ ನಿನ್ನೆ ಹೇಳಿದ್ದನ್ನೇ ಹೇಳುವುದು, ಆನ್‌ಕಾಲ್ ವಾರದಲ್ಲಿ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವುದು. ರಾತ್ರಿ ಎರಡಕ್ಕೆ ಬಡಿದುಕೊಳ್ಳುವ ಅಲರ್ಟ್‌ಗಳಲ್ಲಿ ಹೆಚ್ಚಿನವು ಸುಳ್ಳು. ಸುಳ್ಳು ಅಲರ್ಟ್‌ಗೆ ಎದ್ದೆದ್ದು ರೂಢಿಯಾದವನು ನಿಜವಾದದ್ದು ಬಂದಾಗ ಮಗ್ಗುಲು ಬದಲಿಸಿ ಮಲಗುತ್ತಾನೆ.

2021ರ ಡಿಸೆಂಬರ್ ಬಗ್ಗೆ ಕೇಳಿ ನೋಡಿ, ಆಗ ಕೆಲಸದಲ್ಲಿದ್ದವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಲಾಗ್‌ಫೋರ್‌ಜೆ ಎಂಬುದು ಜಾವಾ ಪ್ರೋಗ್ರಾಮ್‌ಗಳು ತಮ್ಮ ದಿನಚರಿ ಬರೆದಿಡಲು ಬಳಸುವ ತುಣುಕು. ಬರೆಯಬೇಕಾದ ಸಾಲಿನಲ್ಲಿ ಒಂದು ವಿಶೇಷ ವಿಳಾಸವಿದ್ದರೆ ಅಲ್ಲಿಗೆ ಹೋಗಿ, ಅಲ್ಲಿರುವ ಕೋಡನ್ನು ತಂದು ಓಡಿಸುವ ಗುಣ ಅದಕ್ಕಿತ್ತು. 2013ರಿಂದಲೂ ಇತ್ತು. ಮೈನ್‌ಕ್ರಾಫ್ಟ್‌ನ ಚಾಟ್ ಪೆಟ್ಟಿಗೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸರ್ವರ್ ಕೈವಶ. ಡಿಸೆಂಬರ್ ಎರಡನೇ ವಾರ ಸುದ್ದಿ ಒಡೆಯಿತು. 2.15 ಆವೃತ್ತಿ ಹಾಕಿದೆವು, ಅದರಲ್ಲೂ ತೂತು, 2.16 ಬಂತು, ಅದರಲ್ಲೊಂದು, 2.17, ಕ್ರಿಸ್‌ಮಸ್ ಕಳೆದ ಮೇಲೆ 2.17.1. ತೇಪೆ ಹಾಕುವುದು ಸುಲಭದ ಭಾಗ. ನಮ್ಮ ಯಾವ ಯಾವ ಸಾಫ್ಟ್‌ವೇರ್‌ನ ಹೊಟ್ಟೆಯಲ್ಲಿ ಈ ತುಣುಕು ಕೂತಿದೆ ಎಂದು ಹುಡುಕುವುದೇ ದೊಡ್ಡದು. ಯಾರ ಬಳಿಯೂ ಪಟ್ಟಿ ಇರಲಿಲ್ಲ.

ಇಂಥ ಕೆಲಸಕ್ಕೆ ಬೇಕಾದದ್ದು ನಿದ್ದೆಯಾದ ತಲೆ. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಮರುವರ್ಷದ ಜುಲೈನಲ್ಲಿ, ಕರ್ನಾಟಕದ ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸಲು ದಾರಿ ಮಾಡುವ ತಿದ್ದುಪಡಿಯ ಪ್ರಸ್ತಾವ ಸರ್ಕಾರದ ಮುಂದೆ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಆರೋಗ್ಯ, ಸಂಸಾರದ ಮಾತು ಹಾಗಿರಲಿ. ಹದಿಮೂರನೇ ಗಂಟೆಯಲ್ಲಿ ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡುವವನ ಕೈಯಲ್ಲಿ ನಿಮ್ಮ ಬ್ಯಾಂಕ್ ಖಾತೆಯೂ ಇರುತ್ತದೆ ಎಂದು ಆ ಚರ್ಚೆಯಲ್ಲಿ ಯಾರೂ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

‘ಓಪನ್ ಸೋರ್ಸ್ ತಾನೆ, ಸಾವಿರ ಕಣ್ಣು ನೋಡುತ್ತಿರುತ್ತವೆ’

ನೋಡಬಹುದು ಎನ್ನುವುದು ಬೇರೆ, ನೋಡುತ್ತಾರೆ ಎನ್ನುವುದು ಬೇರೆ. ಎಕ್ಸ್‌ಝಡ್ ಯುಟಿಲ್ಸ್ ಎಂಬ, ಫೈಲುಗಳನ್ನು ಕುಗ್ಗಿಸುವ ತಂತ್ರಾಂಶ ಲಿನಕ್ಸ್‌ನ ಮೂಲೆಮೂಲೆಯಲ್ಲಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡದ್ದು ಹೆಚ್ಚೂಕಡಿಮೆ ಒಬ್ಬರೇ, ಲಾಸೆ ಕಾಲಿನ್, ಸಂಬಳವಿಲ್ಲದೆ. 2021ರಲ್ಲಿ ಜಿಯಾ ತಾನ್ ಎಂಬ ಹೆಸರಿನಿಂದ ಸಣ್ಣಪುಟ್ಟ ತಿದ್ದುಪಡಿಗಳು ಬರತೊಡಗಿದವು. 2022ರಲ್ಲಿ ಇನ್ಯಾವುದೋ ಹೆಸರುಗಳಿಂದ ಕಿರುಕುಳ ಶುರು: ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ. ಅದರಲ್ಲೊಂದು ಹೆಸರು ‘ಜಿಗರ್ ಕುಮಾರ್’. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಬಿಟ್ಟಿ ಹವ್ಯಾಸದ ಕೆಲಸ ಎಂದು ಕಾಲಿನ್ ಉತ್ತರಿಸಿದರು. ಕೊನೆಗೆ ಜಿಯಾ ತಾನ್‌ಗೆ ಬಿಡುಗಡೆಯ ಅಧಿಕಾರ ಸಿಕ್ಕಿತು.

2024ರ ಫೆಬ್ರುವರಿಯಲ್ಲಿ ಬಂದ 5.6.0 ಆವೃತ್ತಿಯಲ್ಲಿ ಹಿಂಬಾಗಿಲಿತ್ತು. ಅದರ ಮುಖ್ಯಭಾಗ ಪರೀಕ್ಷೆಗೆಂದು ಇಟ್ಟ ‘ಹಾಳಾದ’ ಫೈಲುಗಳೊಳಗೆ ಅಡಗಿತ್ತು. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ದೂರದಿಂದ ಸರ್ವರ್‌ಗೆ ಒಳಬರುವ ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ನೇರ ನಂಟಿಲ್ಲ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳು ತಮ್ಮ ಅನುಕೂಲಕ್ಕೆ ಮಾಡಿಕೊಂಡ ತಿದ್ದುಪಡಿಯಿಂದ ಎರಡೂ ಸುತ್ತುಬಳಸಿ ಒಂದಾಗಿದ್ದವು. ಆ ಸಂದಿಯನ್ನೇ ಹಿಂಬಾಗಿಲು ಇಟ್ಟವರು ಹಿಡಿದಿದ್ದರು. ಇಂಥ ನಿಜವಾದ ಜಾಣತನ ಅಪರೂಪ, ಇದಕ್ಕೂ ಬಾಗಿಲು ತೆರೆದದ್ದು ಒಬ್ಬ ಮನುಷ್ಯನ ದಣಿವು.

ಇದನ್ನು ಪತ್ತೆಹಚ್ಚಿದವರು ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ಕೆಲಸ ಮಾಡುವ, ಮೈಕ್ರೋಸಾಫ್ಟ್‌ನ ಆಂಡ್ರೆಸ್ ಫ್ರಾಯಿಂಡ್. ಭದ್ರತೆ ಅವರ ಕಸುಬಲ್ಲ. ವೇಗದ ಅಳತೆ ಮಾಡುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ, ಪ್ರೊಸೆಸರನ್ನು ಬೇಕಿಲ್ಲದಷ್ಟು ತಿನ್ನುತ್ತಿದೆ ಅನ್ನಿಸಿತು. ‘ಇರಲಿ ಬಿಡು’ ಎನ್ನದೆ ಹುಡುಕುತ್ತ ಹೋಗಿ, ಮಾರ್ಚ್ 29ರಂದು ಎಲ್ಲವನ್ನೂ ಬಹಿರಂಗಪಡಿಸಿದರು. ಅಷ್ಟರಲ್ಲಿ ಅದು ಪ್ರಯೋಗಾರ್ಥ ಆವೃತ್ತಿಗಳಿಗೆ ಹೊಕ್ಕಿತ್ತು, ದೊಡ್ಡ ವಿತರಣೆಗಳ ಸ್ಥಿರ ಆವೃತ್ತಿಗಳನ್ನು ಮುಟ್ಟಿರಲಿಲ್ಲ. ಕೋಡ್ ತೆರೆದಿದ್ದರಿಂದಲೇ ಹೊರಗಿನ ಒಬ್ಬರು ತಳ ಕಾಣುವತನಕ ಅಗೆಯಲು ಸಾಧ್ಯವಾಯಿತು ಎಂಬುದನ್ನೂ ಹೇಳಬೇಕು. ಆದರೆ ಸಾವಿರ ಕಣ್ಣಲ್ಲ, ಒಂದು ಜೊತೆ.

ಜಿಯಾ ತಾನ್ ಹೆಸರಿನ ಹಿಂದೆ ಯಾರಿದ್ದರೆಂಬುದು ಬಯಲಾಗಿಲ್ಲ. ಕಾಲಿನ್ ಮತ್ತೆ ಕೂತು ಆ ಹೆಸರು ಮುಟ್ಟಿದ್ದ ಬದಲಾವಣೆಗಳನ್ನು ಪರಿಶೀಲಿಸಿ, ಮೇ ಕೊನೆಯಲ್ಲಿ ಹಿಂಬಾಗಿಲಿಲ್ಲದ 5.6.2 ಬಿಡುಗಡೆ ಮಾಡಿದರು.